ಸೊಪ್ಪಿನ ಕಲ್ಲಿನ ಏರು

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಭೂತ, ಗಾಳಿ ಸೋಕುವುದು ಇವನ್ನೆಲ್ಲ ನಾನು ನಂಬಿದವನಲ್ಲ. ಈಗಲೂ ನಂಬುವುದಿಲ್ಲ. ಹೊಸನಗರದಲ್ಲಿ ಗ್ಯಾರೇಜು ಇಟ್ಟುಕೊಂಡವನು ನಾನು. ಗಾಡಿಗೆ ನಿಂಬೆಹಣ್ಣು ಕಟ್ಟಿಕೊಂಡು ಬರುವವರನ್ನು ಕಂಡರೆ, "ಎಂಜಿನ್ನಿಗೆ ಆಯಿಲ್ ಹಾಕ್ಸಿ, ನಿಂಬೆಹಣ್ಣು ಪಾನಕಕ್ಕಿರ್ಲಿ" ಎಂದು ಕಿಚಾಯಿಸುವವನು. ಹಾಗಾಗಿ ಈ ಸಂಗತಿ ಹೇಳಿಕೊಳ್ಳಲು ಮುಜುಗರವೇ. ಆದರೆ ನಡೆದದ್ದನ್ನು ನಡೆದಿಲ್ಲ ಎನ್ನುವಷ್ಟು ಹೇಡಿಯೂ ನಾನಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಿಟ್ಟೂರಿನಾಚೆ ಕಾಡಿನ ಇಳಿಜಾರಿನಲ್ಲಿರುವ ಒಂದು ಊರಿನಿಂದ ಸರೋಜಕ್ಕ ತಮ್ಮ ಹಳೆಯ ಡೀಸೆಲ್ ಕಾರನ್ನು ನನ್ನಲ್ಲಿಗೆ ತಂದರು. ತೀರ್ಥಹಳ್ಳಿಯಲ್ಲಿ ಯಾರೋ ಮಾರಿದ್ದನ್ನು ಕೊಂಡು, ಐವತ್ತರ ಹತ್ತಿರ ಬಂದ ಮೇಲೆ ಓಡಿಸಲು ಕಲಿತವರು. ಕಲಿತದ್ದು ಶೋಕಿಗಲ್ಲ. ಗಂಡ ನಾಗಪ್ಪಣ್ಣನ ಕಿಡ್ನಿಗಳು ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಸಾಗರಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಒಂದು ಸರದಿ ತಪ್ಪಿದರೆ ಕಾಲು ಊದಿಕೊಂಡು ಉಸಿರಾಡುವುದೇ ಕಷ್ಟವಾಗುತ್ತಿತ್ತು. ಬಾಡಿಗೆ ಜೀಪಿನವರು ಕರೆದಾಗಲೆಲ್ಲ ಸಿಗುವವರೂ ಅಲ್ಲ.

ಕಾರಿನ ತೊಂದರೆ ಇಷ್ಟು: ಊರಿನಿಂದ ಡಾಂಬರು ರಸ್ತೆಗೆ ಬರುವಾಗ ಒಂದು ಏರು ಸಿಗುತ್ತದೆ. ಅದರ ಅರ್ಧಕ್ಕೆ ಬರುವಷ್ಟರಲ್ಲಿ ಎಳೆತವೇ ಹೋಗಿಬಿಡುತ್ತದೆ. ಆಕ್ಸಿಲರೇಟರ್ ಪೂರಾ ತುಳಿದರೂ ಎಂಜಿನ್ ನರಳಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು ಮಾಡಿದರೆ ಹೇಗೋ ತೆವಳುತ್ತದೆ.

ಆ ಏರಿನ ಬುಡದಲ್ಲಿ, ನೇರಳೆ ಮರದ ಕೆಳಗೆ, ಸೊಪ್ಪಿನ ಕಲ್ಲು ಎಂದು ಕರೆಯುವ ಒಂದು ಕಲ್ಲಿದೆ. ಹಾದುಹೋಗುವವರು ಒಂದು ಹಸಿ ಕುಡಿ ಮುರಿದು ಅದರ ಮೇಲಿಟ್ಟು ಮುಂದೆ ಹೋಗುತ್ತಾರೆ. ಪೂಜೆಯಿಲ್ಲ, ಮಂತ್ರವಿಲ್ಲ, ಸೊಪ್ಪು ಇಟ್ಟರಾಯಿತು. ಸರೋಜಕ್ಕ ಮಾತ್ರ ಇಡುತ್ತಿರಲಿಲ್ಲ. ಯಾಕೆಂದು ಅವರೇ ಹೇಳಿದರು.

"ಇವ್ರು ಹಾಸಿಗೆ ಹಿಡಿದಾಗ ಊರೋರು ಏನಂದ್ರು ಗೊತ್ತಾ ತಮ್ಮಾ? ಸರೋಜಿ ಸೊಪ್ಪು ಇಡದೆ ಸ್ಕೂಟ್ರಲ್ಲಿ ಓಡಾಡ್ತಿದ್ಲು, ಅದು ಗಂಡನ್ನ ಹಿಡ್ಕಂತು ಅಂದ್ರು. ಈಗ ಇಟ್ರೆ ಆ ಮಾತು ನಾನೇ ಒಪ್ಕಂಡಂಗೆ. ಸತ್ರೂ ಇಡಲ್ಲ. ನೀನು ಗಾಡಿ ಸರಿಮಾಡು."

ನನಗೆ ಈ ಹೆಂಗಸು ಬಹಳ ಹಿಡಿಸಿದರು. "ಇಡ್ಲೇಬೇಡಿ ಅಕ್ಕಾ, ನಾನಿದೀನಿ" ಎಂದೆ.

ಬಾನೆಟ್ ತೆರೆದರೆ ಕಾರಣಗಳಿಗೇನೂ ಬರವಿರಲಿಲ್ಲ. ಏರ್ ಫಿಲ್ಟರ್ ಕೆಂಪು ಧೂಳಿನಿಂದ ಕಟ್ಟಿಕೊಂಡಿತ್ತು. ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೋದಿಂದ ಬರುವ ರಬ್ಬರ್ ಪೈಪು ಕ್ಲಿಪ್ಪಿನ ಕೆಳಗೆ ಸೀಳಿಹೋಗಿತ್ತು. ಅವೆರಡನ್ನೂ ಬದಲಿಸಿ, ಡೀಸೆಲ್ ಫಿಲ್ಟರ್ ಕೂಡ ಹೊಸದು ಹಾಕಿದೆ. ಹಿಂದಿನ ಸೀಟಿಗೆ ಮರಳಿನ ಚೀಲ ತುಂಬಿಕೊಂಡು ಹುಲಿಕಲ್ ಘಾಟಿ ಇಳಿದು ಹತ್ತಿದೆ. ಎಲ್ಲೂ ಉಸಿರು ಕಟ್ಟಲಿಲ್ಲ. ಕಲ್ಲೂ ಇಲ್ಲ, ಮಣ್ಣೂ ಇಲ್ಲ ಎಂದು ಮೀಸೆ ತಿರುವಿ ಕಾರನ್ನು ಕೊಟ್ಟು ಕಳಿಸಿದೆ.

ಮುಂದಿನ ಸರದಿಯ ದಿನ ಬೆಳಿಗ್ಗೆಯೇ ಸರೋಜಕ್ಕನ ಫೋನು. ಅದೇ ಏರಿನಲ್ಲಿ ನಿಂತಿದೆ. ಆವತ್ತಿನ ಡಯಾಲಿಸಿಸ್ ತಪ್ಪಿತು. ಮರುದಿನವೂ ಜೀಪು ಸಿಗಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಸಾಮಾನು ಕಟ್ಟಿಕೊಂಡು ನಾನೇ ಅವರ ಮನೆಗೆ ಹೋದೆ. ನಾಗಪ್ಪಣ್ಣ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಪಾದಗಳು ಬಾತುಕೊಂಡಿದ್ದವು. "ಒಂದು ಕುಡಿ ಇಟ್ರೆ ನಿನ್ ಗಂಟೇನು ಹೋಗ್ತದೆ ಮಾರಾಯ್ತಿ?" ಎಂದು ಹೆಂಡತಿಗೆ ಹೇಳಿದ.

ಸರೋಜಕ್ಕ ಅಳು ನುಂಗಿಕೊಂಡರು. "ಈ ಕಾಯಿಲೆ ನಾ ತಂದಿದ್ದಲ್ಲ ಅಂತ ನೀವೊಬ್ರು ಹೇಳಿ. ಈಗ್ಲೇ ಹೋಗಿ ಇಟ್ಟು ಬರ್ತೀನಿ."

ನಾಗಪ್ಪಣ್ಣ ತಲೆ ತಗ್ಗಿಸಿ ಬಾತ ಪಾದವನ್ನು ಒತ್ತಿಕೊಳ್ಳತೊಡಗಿದ. ನಾನು ಅಂಗಳದಲ್ಲಿ ನಿಂತಿದ್ದ ಕಾರಿನ ಕಡೆ ನಡೆದೆ.

ಟ್ಯಾಂಕಿನಿಂದ ಬರುವ ಪೈಪನ್ನು ಕಳಚಿ, ಕ್ಯಾನಿನಲ್ಲಿ ಡೀಸೆಲ್ ತುಂಬಿ ಕಾಲ ಬಳಿ ಇಟ್ಟುಕೊಂಡು, ಎಂಜಿನ್ನಿಗೆ ಅದರಿಂದಲೇ ಕೊಟ್ಟೆ. ಕಾರು ಏರನ್ನು ನಿರಾಯಾಸವಾಗಿ ಹತ್ತಿತು. ಕೆಳಗಿಳಿಸಿ, ಮತ್ತೆ ಟ್ಯಾಂಕಿನ ಪೈಪು ಜೋಡಿಸಿ ಹತ್ತಿಸಿದೆ. ಅರ್ಧಕ್ಕೆ ನಿಂತಿತು. ಸರಿ, ಕಳ್ಳ ಟ್ಯಾಂಕಿನೊಳಗೇ ಇದ್ದಾನೆ ಎಂದಾಯಿತು. ಉರುಳಿಸಿಕೊಂಡು ಮನೆಗೆ ತಂದು, ಅಂಗಳದಲ್ಲೇ ಟ್ಯಾಂಕ್ ಇಳಿಸಿದೆ.

ಡೀಸೆಲ್ ಹೀರುವ ಕೊಳವೆಯ ಬಾಯಲ್ಲಿ ಒಂದು ಜಾಲರಿ ಇರುತ್ತದೆ. ಅದಕ್ಕೆ ಎರಡೆಲೆಯ ಒಂದು ನೇರಳೆ ಕುಡಿ ಅಂಟಿಕೊಂಡಿತ್ತು.

ದೋಷವೇನೋ ಸ್ಪಷ್ಟವಾಯಿತು. ಏರಿನಲ್ಲಿ ಎಂಜಿನ್ ಜೋರಾಗಿ ಹೀರುವಾಗ ಎಲೆ ಜಾಲರಿಗೆ ಕಚ್ಚಿಕೊಂಡು ಡೀಸೆಲ್ ಹರಿವು ತಡೆಯುತ್ತದೆ, ಎಂಜಿನ್ ನಿಂತಾಗ ಬಿಟ್ಟುಕೊಳ್ಳುತ್ತದೆ. ಇಲ್ಲಿಗೆ ಈ ಬರಹ ಮುಗಿಯಬೇಕಿತ್ತು. ಆದರೆ ಆ ಕುಡಿ ಹಸಿರಾಗಿತ್ತು. ಆಗಷ್ಟೇ ಮುರಿದಂತೆ ತೊಟ್ಟಿನಲ್ಲಿ ನೀರು ಜಿನುಗುತ್ತಿತ್ತು. ಎಲೆಯ ತುದಿ ಕಿವುಚಿ ಮೂಸಿದರೆ ಡೀಸೆಲ್ ವಾಸನೆಯೇ ಇಲ್ಲ, ಬರೀ ನೇರಳೆ ಎಲೆಯ ಒಗರು ವಾಸನೆ. ಯಾರೋ ಕಿಡಿಗೇಡಿ ಹಾಕಿದನೆಂದು ಮೊದಲು ರೇಗಿದೆ. ಆದರೆ ಟ್ಯಾಂಕಿನ ಮುಚ್ಚಳಕ್ಕೆ ಬೀಗವಿತ್ತು, ಬೀಗದ ಕೈ ಸದಾ ಸರೋಜಕ್ಕನ ಸೊಂಟದಲ್ಲಿ. ಆಕೆ ಸೊಪ್ಪು ಮುಟ್ಟುವವರಲ್ಲ. ನಾಗಪ್ಪಣ್ಣನಿಗೆ ಜಗಲಿ ಇಳಿಯಲೂ ಆಗುತ್ತಿರಲಿಲ್ಲ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

ಆ ಕುಡಿಯನ್ನು ಎಸೆಯಲು ಹೋದೆ. ಸರೋಜಕ್ಕ ಕೈಯೊಡ್ಡಿದರು. "ಇಲ್ಲಿ ಕೊಡು."

ಟ್ಯಾಂಕ್ ಮತ್ತೆ ಕೂರಿಸಿ ರಾತ್ರಿ ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಸಾಗರಕ್ಕೆ ಹೊರಟಾಗ ನಾನೂ ಹಿಂದಿನ ಸೀಟಿನಲ್ಲಿ ಕೂತೆ. ಕಲ್ಲಿನ ಹತ್ತಿರ ಸರೋಜಕ್ಕ ಕಾರು ನಿಲ್ಲಿಸಿ, ಆ ಕುಡಿ ಹಿಡಿದು ಇಳಿದರು. ಕೈಮುಗಿಯಲಿಲ್ಲ. ಚಪ್ಪಲಿಯನ್ನೂ ಬಿಡಲಿಲ್ಲ. ನೆರೆಮನೆಯವಳೊಡನೆ ಜಗಳಕ್ಕೆ ನಿಂತವರ ಹಾಗೆ ನಿಂತು, "ತಗಾ, ಇದು ನಿಂದು. ನಾನು ಇಡ್ತಿರೋದಲ್ಲ, ವಾಪಸ್ ಕೊಡ್ತಿರೋದು. ಇನ್ಮೇಲೆ ನನ್ ಗಾಡಿ ತಂಟೆಗೆ ಬರ್ಬೇಡ" ಎಂದು ಕಲ್ಲಿನ ಮೇಲೆ ಒಗೆದರು.

ಅವರು ಬಂದು ಕೂತಾಗ ನಾಗಪ್ಪಣ್ಣ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮೆಲ್ಲಗೆ ಹೇಳಿದ: "ಕಾಯಿಲೆ ನೀ ತಂದಿದ್ದಲ್ಲ ಕಣೇ."

ಸರೋಜಕ್ಕ ಫಸ್ಟ್ ಗೇರ್ ಹಾಕಿದರು. ಕಾರು ಎಲ್ಲೂ ತಡೆಯದೆ ಏರು ಹತ್ತಿತು.

ಆಮೇಲೆ ಆ ಕಾರು ಅಲ್ಲಿ ನಿಂತದ್ದೇ ಇಲ್ಲ. ನಾನು ಸುಮ್ಮನಿರದೆ ಗ್ಯಾರೇಜಿನಲ್ಲಿ ಒಂದು ಬಾಟಲಿಗೆ ಡೀಸೆಲ್ ತುಂಬಿ ನೇರಳೆ ಕುಡಿ ಹಾಕಿಟ್ಟೆ. ಕೆಲವೇ ದಿನಗಳಲ್ಲಿ ಅದು ಕಂದಿ ಮೆತ್ತಗಾಯಿತು. ಮತ್ತೆ ಮತ್ತೆ ಹಾಕಿದೆ, ಪ್ರತಿಸಲವೂ ಹಾಗೇ ಆಯಿತು. ಹುಲಿಕಲ್ ಘಾಟಿಯನ್ನೇ ಹತ್ತಿದ ಕಾರು ಆ ಸಣ್ಣ ಏರಿಗೆ ಸೋತದ್ದೇಕೆ ಎಂಬುದಕ್ಕೂ ನನ್ನಲ್ಲಿ ಉತ್ತರವಿಲ್ಲ. ಉತ್ತರ ಸಿಗಲಿಲ್ಲವೆಂದು ಕೈಮುಗಿಯಬೇಕೆಂದೂ ಇಲ್ಲ.

ಇವತ್ತಿಗೂ ಆ ದಾರಿಯಲ್ಲಿ ಹೋದರೆ ನಾನು ಸೊಪ್ಪು ಇಡುವುದಿಲ್ಲ. ಕಲ್ಲಿನ ಹತ್ತಿರ ಗಾಡಿ ನಿಲ್ಲಿಸಿ, ಇಳಿದು, ಟ್ಯಾಂಕಿನ ಮುಚ್ಚಳ ಭದ್ರವಾಗಿದೆಯೇ ಎಂದು ಒಮ್ಮೆ ಎಳೆದು ನೋಡಿ ಹತ್ತಿಸುತ್ತೇನೆ. ಅಷ್ಟೇ.