ಬೈಸಿಕೊಂಡು ಸುಮ್ಮನಿರುವ ಕೆಲಸ

ಬೆಳಕು ಹರಿಯುವ ಹೊತ್ತಿಗೆ ಆಸ್ಪತ್ರೆಯ ನೆಲಮಾಳಿಗೆಯ ಒಂದು ಕೋಣೆಯಲ್ಲಿ ದೀಪ ಮಂದವಾಗಿದೆ. ಒರಗುಕುರ್ಚಿಯಲ್ಲಿ ಅರವತ್ತು ದಾಟಿದ ದರ್ಜಿ, ಕೈಗೆ ಸೂಜಿ ಸಿಕ್ಕಿಸಿದೆ. ಔಷಧಿ ಇನ್ನೂ ಹೋಗಿಲ್ಲ. ಮಿದುಳಿನ ಯಾವ ಭಾಗ ದುಡಿಯುತ್ತಿದೆ, ಯಾವುದು ಸೋತಿದೆ ಎಂದು ಚಿತ್ರದಲ್ಲಿ ತೋರಿಸುವ ಔಷಧಿ ಅದು. ರೋಗಿ ಮಾತಾಡುತ್ತಿದ್ದರೆ ಮಾತಿನ ಭಾಗ ಹೊಳೆದು ಚಿತ್ರ ಕೆಡುತ್ತದೆ. ಕಾಯೋಣವೆಂದರೆ ಔಷಧಿಯ ಕಸುವು ಮಂಜುಗಡ್ಡೆಯಂತೆ ಕರಗುತ್ತದೆ.

ದರ್ಜಿಯ ಬಾಯಿ ನಿಲ್ಲಲೆಂದು ಕಾಯುತ್ತಿರುವವರು ಸ್ಕ್ಯಾನ್ ತೆಗೆಯುವ ಹೆಂಗಸು. ಜೊತೆಯವರು ಇಟ್ಟ ಹೆಸರು ‘ಸುಮ್ನಿರಮ್ಮ’. ಯಂತ್ರ ದಾನ ಕೊಟ್ಟವರ ಹೆಸರು ಗೋಡೆಯ ಮೇಲೆ ಮೊಳದುದ್ದ ಇದೆ. ಯಂತ್ರ ತಾನಾಗಿಯೇ ಓಡುತ್ತದೆಂದು ತಿಳಿದಿದ್ದಾರೋ ಏನೋ.

ಎರಡು ವರ್ಷದಿಂದ ದರ್ಜಿ ಬೇರೆಯೇ ಮನುಷ್ಯ. ಬಟ್ಟೆ ತಂದವರಿಗೆ ಬೈಯುತ್ತಾರೆ. ಅಣ್ಣನ ಹೆಣದ ಮುಂದೆ ನಕ್ಕಿದ್ದಾರೆ. ಒಬ್ಬ ವೈದ್ಯರು ಮರೆವಿನ ಕಾಯಿಲೆ ಆಲ್ಝೈಮರ್ ಎಂದು ಮಾತ್ರೆ ಕೊಟ್ಟರು, ರಂಪ ಹೆಚ್ಚಾಯಿತು. ಇಲ್ಲಿನ ವೈದ್ಯರಿಗೆ ನಡತೆಯನ್ನೇ ಕೆಡಿಸುವ, ಮಿದುಳಿನ ಮುಂಭಾಗದ ಕಾಯಿಲೆಯ ಗುಮಾನಿ. ಮಗ ಎರಡನ್ನೂ ನಂಬುವುದಿಲ್ಲ. “ಅಪ್ಪನ ಬುದ್ಧಿನೇ ಅಷ್ಟು, ಈಗ ಹೊರಗೆ ಬಂದಿದೆ” ಅನ್ನುತ್ತಾನೆ. ಹೆಂಡತಿಗೆ ತಿಳಿಯಬೇಕಾದ್ದು ಇಷ್ಟೇ: ಇದು ರೋಗವೋ, ಒಳಗೇ ಇದ್ದ ದ್ವೇಷವೋ?

ಹಿಂದಿನ ಸಲದ ಸ್ಕ್ಯಾನ್ ದಂಡವಾಯಿತು.

“ತಪ್ಪು ನಂದೇ,” ಅನ್ನುತ್ತಾರೆ ಸುಮ್ನಿರಮ್ಮ. “ಪಾಪ ಅಂತ ಆಯಮ್ಮನ್ನ ಒಳಗೆ ಬಿಟ್ಟೆ. ಗಂಡ ಹೆದರ್ಕೋತಾರೆ ಅಂತ ಮದುವೆ ಕಾಲದ್ದೆಲ್ಲ ಹೇಳ್ತಾ, ಕೇಳ್ತಾ ಕೂತ್ರು. ಪ್ರೀತಿನೇ ಬಿಡಿ. ಚಿತ್ರ ಮಾತ್ರ ನಂಬೋ ಹಾಗಿರಲಿಲ್ಲ.”

ಇವತ್ತು ಹೆಂಡತಿ ಬಾಗಿಲಾಚೆ. ಒಳಗೆ ಗಂಡ ಬೈಯುವುದೆಲ್ಲ ಆಕೆಗೆ ಕೇಳಿಸುತ್ತದೆ.

“ಏಯ್ ಗೂಬೆ, ಯಾರೇ ನೀನು? ಬಾಯಿ ಬಿದ್ದೋಗಿದ್ಯಾ? ನಿಮ್ಮಪ್ಪ ಏನು ಮೂಗಿ ಅಂತ ಹೇಳಿ ಕಳ್ಸಿದ್ನಾ?”

ಸುಮ್ನಿರಮ್ಮ ಸ್ಟೂಲಿನ ಮೇಲೆ ಕದಲದೆ ಕೂತಿದ್ದಾರೆ. ಎದುರುತ್ತರ ಸಿಗದ ಬೈಗುಳಕ್ಕೆ ಆಯಸ್ಸು ಕಡಿಮೆ. ದನಿ ಇಳಿಯುತ್ತದೆ, ಗೊಣಗಾಟವಾಗುತ್ತದೆ, ನಿಲ್ಲುತ್ತದೆ. ಆಗ ಎದ್ದು ಔಷಧಿ ಕೊಟ್ಟು, ಅದರ ವಿಕಿರಣ ತಾಗದಂತೆ ಸೀಸದ ತಡೆಯ ಹಿಂದೆ ಹೋಗಿ ಮತ್ತೆ ಸುಮ್ಮನೆ ಕೂರುತ್ತಾರೆ.

ಮಧ್ಯಾಹ್ನ ವೈದ್ಯರು ಚಿತ್ರ ತೋರಿಸುತ್ತಾರೆ. ಹಿಂಭಾಗ ಚೆನ್ನಾಗಿದೆ, ಮುಂಭಾಗ ಮಂಕಾಗಿದೆ. ಪರೀಕ್ಷೆಗೆಂದು ಮೊದಲೇ ಬೆನ್ನುಮೂಳೆಯೊಳಗಿಂದ ತೆಗೆದಿದ್ದ ನೀರಿನಲ್ಲೂ ಆಲ್ಝೈಮರ್ ಗುರುತಿಲ್ಲ. “ಮುಂಭಾಗದ್ದೇ ಕಾಯಿಲೆ. ಆ ಮಾತ್ರೆ ನಿಲ್ಸಿ. ವಾಸಿ ಮಾಡೋ ಔಷಧಿ ಇಲ್ಲಮ್ಮ,” ಅನ್ನುತ್ತಾರೆ.

ಹೆಂಡತಿ ನೆಲಮಾಳಿಗೆಗೆ ಇಳಿದು ಬರುತ್ತಾರೆ. “ಅಷ್ಟು ಬೈಸ್ಕೊಂಡು ಹೆಂಗಕ್ಕ ಸುಮ್ನಿದ್ರಿ? ನಾನಾಗಿದ್ರೆ ತಿರುಗಿಸಿ ಕೊಡ್ತಿದ್ದೆ. ದಿನಾ ಕೊಡ್ತೀನಿ.”

“ಕಾಯಿಲೆ ಬೈತಾ ಇದೆ ಅಂದ್ಕೊಂಡು ಕೂರ್ತೀನಿ ಕಣಮ್ಮ. ನಿಜವೋ ಸುಳ್ಳೋ ನಂಗೂ ಗೊತ್ತಿರಲ್ಲ,” ಅನ್ನುತ್ತಾರೆ ಸುಮ್ನಿರಮ್ಮ. “ನಿಮಗೆ ಇವತ್ತು ಗೊತ್ತಾಗಿದೆಯಲ್ಲ.”