ಅವಳಿ ಹೆತ್ತ ಕುರಿಗಳ ಬಿಲ್ಲೆ

ಐವತ್ತರ ದಶಕದ ಮಾತು. ಅವಳಿ ಮರಿ ಹಾಕುವ ಕುರಿಗಳ ತಳಿ ಹೆಚ್ಚಿಸಬೇಕೆಂದು ಸರಕಾರ ನನ್ನನ್ನು ಜತ್ತ ತಾಲೂಕಿಗೆ ಕಳಿಸಿತ್ತು. ಉಟಗಿಯ ಕುರುಬ ಮಾಳಪ್ಪನ ಹಿಂಡಿನಲ್ಲಿ ಅಂಥ ಐದು ಕುರಿ ಸಿಕ್ಕವು. ಅವುಗಳ ಕಿವಿಗೆ ತಾಮ್ರದ ಬಿಲ್ಲೆ ಚುಚ್ಚಿ, "ಅವಳಿ ಹೆತ್ತವು ಯಾವು ಅಂತ ಗುರ್ತಿರಲಿ" ಎಂದಷ್ಟೇ ಹೇಳಿ ಬಂದೆ. ಅಂಥ ಕುರಿಯನ್ನು ಜೋಪಾನ ಮಾಡು ಅಂತ ಬೇರೆ ಹೇಳಬೇಕೇ?

ಮರುವರ್ಷ ಹೋದರೆ ಬಿಲ್ಲೆಯ ಕುರಿ ಒಂದೂ ಇಲ್ಲ!

"ಕಟುಕರಿಗೆ ಮಾರಿಬಿಟ್ಟೀನ್ರಿ" ಎಂದ ಮಾಳಪ್ಪ.

ನಾನು ಕೂಗಿಯೇ ಬಿಟ್ಟೆ: "ಅವನ್ನ ಯಾರರ ಮಾರ್ತಾರೇನೋ, ಹುಚ್ಚಪ್ಪಾ!"

"ಮತ್ತೇನ್ರಿ ಸಾಹೇಬ್ರ? ಮಳಿ ಮುಗಿದ ಮ್ಯಾಲ ಹಿಂಡು ಹೊಡಕೊಂಡು ದಿನಾ ಎರಡು ಹರದಾರಿ ನಡೀಬೇಕು. ಮರಿ ಎರಡಾದ್ರ ಹಾಲು ಸಾಲೂದಿಲ್ಲ. ಎರಡೂ ಸಾಯ್ತಾವು, ತಾಯೀನೂ ಬೀಳ್ತದ. ದೊಡ್ಡ ಹಿಂಡಿನ್ಯಾಗ ಅವನ್ನ ಹುಡುಕೂದ ತ್ರಾಸ ಇತ್ತು. ನೀವು ಗುರ್ತು ಹಾಕಿದ್ರಿ, ಲಗೂನ ಆತು."

ತಲೆಗೆ ಸುತ್ತಿದ ಪಟಗದ ಚುಂಗಿನ ಗಂಟು ಬಿಚ್ಚಿ ಐದೂ ಬಿಲ್ಲೆಗಳನ್ನು ನನ್ನ ಕೈಗಿಟ್ಟ. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದನೋ ಏನೋ, ಥಳಥಳ ಹೊಳೆಯುತ್ತಿದ್ದವು.

"ಸರಕಾರದ ಸಾಮಾನ್ರಿ, ಕಳೀಬಾರದು. ಈ ಸಲ ನಮ್ಮಣ್ಣನ ಹಿಂಡಿಗೂ ಹಾಕಿಕೊಡ್ರಿ."

ಬಿಲ್ಲೆಗಳಿಂದ ಕುರುಬರಿಗೆ ಉಪಯೋಗವಾಯಿತೇ ಎಂದು ಕಚೇರಿಯಿಂದ ಕಾಗದ ಬಂತು. ಭಾಳ ಆಗಿದೆ ಎಂದು ಬರೆದೆ. ಸುಳ್ಳೇನಲ್ಲವಲ್ಲ!