ಭೂಮಿ, ಚಂದ್ರ ಮತ್ತು ನೋಣಯ್ಯನ ಕಾವಡಿ

ಕಾವೂರಿನಿಂದ ಪೇಟೆಯ ಮಾರ್ಕೆಟಿಗೆ ಮೂವತ್ತು ವರ್ಷ ಕಾವಡಿಯಲ್ಲಿ ತರಕಾರಿ ಹೊತ್ತವನು ನೋಣಯ್ಯ. ಹೆಗಲ ಮೇಲೊಂದು ಕೋಲು, ಎರಡು ತುದಿಗೆ ಎರಡು ಬುಟ್ಟಿ. ಒಂದರಲ್ಲಿ ಸೌತೆ, ಇನ್ನೊಂದರಲ್ಲಿ ಬಸಳೆ. ಭಾರ ಹೆಚ್ಚಿದ ಕಡೆಗೆ ಹೆಗಲನ್ನು ಎಷ್ಟು ಸರಿಸಬೇಕೆಂದು ಬುಟ್ಟಿ ನೋಡಿಯೇ ಹೇಳುತ್ತಿದ್ದ. ಆ ವಿಷಯದಲ್ಲಿ ಅವನಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡಲು ಅವನಿಗೆ ಬೇರೇನಿತ್ತು?

ಮನೆಯಲ್ಲಂತೂ ಅವನ ಮಾತು ನಡೆಯುತ್ತಿರಲಿಲ್ಲ. ಅದು ಅಳಿಯಕಟ್ಟಿನ ಮನೆ. ಮಗಳು ನಳಿನಾಕ್ಷಿಯ ವಿಷಯದಲ್ಲಿ ಅಪ್ಪನಿಗಿಂತ ಸೋದರಮಾವ ಲೋಕಯ್ಯನದೇ ಕೊನೆಯ ಮಾತು. ಮೂವತ್ತಾರನೆಯ ಇಸವಿಯಲ್ಲಿ ಹುಡುಗಿ ಎಂಟನೆಯ ಕ್ಲಾಸು ಮುಗಿಸುವ ಹೊತ್ತಿಗೆ ಲೋಕಯ್ಯ ಹೇಳಿಬಿಟ್ಟ: "ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಗೆದ್ದರೆ ಮುಂದೆ ಓದಲಿ. ಸೋತರೆ ಓದಿದ್ದು ಸಾಕು, ಮನೆಯಲ್ಲಿರಲಿ."

ಚರ್ಚೆಯ ವಿಷಯವೋ, ಚಂದ್ರ ಭೂಮಿಯ ಉಪಗ್ರಹವೇ, ಅಲ್ಲ ಎರಡೂ ಸೇರಿ ಜೋಡಿಗ್ರಹವೇ ಎಂಬುದು. ನಳಿನಾಕ್ಷಿಗೆ ಜೋಡಿಗ್ರಹದ ಪಕ್ಷ ಸಿಕ್ಕಿತು. ಎದುರಿಗೆ ವಕೀಲರ ಮಗಳು ಶಶಿಪ್ರಭಾ.

ಆ ದಿನ ನೋಣಯ್ಯ ಮಾರ್ಕೆಟಿನಿಂದ ಖಾಲಿ ಕಾವಡಿಯ ಸಮೇತ ನೇರ ಶಾಲೆಗೆ ಬಂದು ಹಿಂದುಗಡೆ ನಿಂತ. ಲೋಕಯ್ಯ ಶಾಲು ಹೊದ್ದು ಮುಂದಿನ ಬೆಂಚಿನಲ್ಲಿ ಕೂತಿದ್ದ.

"ಭೂಮಿ ಚಂದ್ರನ ಎಂಬತ್ತೊಂದು ಪಟ್ಟು ಭಾರ. ಎರಡೂ ಒಂದು ಬಿಂದುವಿನ ಸುತ್ತ ತಿರುಗುತ್ತವೆ. ಆ ಬಿಂದು ಭೂಮಿಯ ಹೊಟ್ಟೆಯೊಳಗೇ ಉಂಟು. ಮತ್ತೆ ಜೋಡಿ ಎಲ್ಲಿಯದು?" ಎಂದಳು ಶಶಿಪ್ರಭಾ.

ಸಭೆಗೆ ತಲೆಬುಡ ತಿಳಿಯಲಿಲ್ಲ. ತೀರ್ಪುಗಾರ ಯೂಸ್ಟೇಸ್ ಮಾಸ್ತರರು ಹಿಂದೆ ನಿಂತಿದ್ದ ಕಾವಡಿಯನ್ನು ಕಂಡರು. "ನೋಣಯ್ಯ, ಒಂದು ಬುಟ್ಟಿಯಲ್ಲಿ ಎಂಬತ್ತೊಂದು ಸೇರು, ಇನ್ನೊಂದರಲ್ಲಿ ಒಂದೇ ಸೇರು. ಹೆಗಲು ಎಲ್ಲಿ ಕೊಡ್ತೀರಿ?"

ತನ್ನ ಕಸುಬಿನ ಪ್ರಶ್ನೆ. ನೋಣಯ್ಯ ಎದೆಯುಬ್ಬಿಸಿ ಹೇಳಿದ: "ಎಂತ ಹೆಗಲು ಮಾಸ್ಟ್ರೇ, ಭಾರದ ಬುಟ್ಟಿಯ ಒಳಗೇ ತೂರಿಸಬೇಕಷ್ಟೆ."

ಸಭೆ ಗೊಳ್ಳೆಂದಿತು. ಶಶಿಪ್ರಭಾ ಕೈಮುಗಿದು ಥ್ಯಾಂಕ್ಸ್ ಹೇಳಿದಾಗಲೇ ಅವನಿಗೆ ತಾನು ಯಾರ ಪಕ್ಷಕ್ಕೆ ಸಾಕ್ಷಿ ಹೇಳಿದೆನೆಂದು ಹೊಳೆದದ್ದು. ಮಗಳ ಓದಿಗೆ ತಾನೇ ಕಲ್ಲು ಹಾಕಿದ್ದ.

ನಳಿನಾಕ್ಷಿ ಎದ್ದಳು. "ಅಪ್ಪ, ಕಾವೂರಿನಿಂದ ಹೊರಟ ಮೇಲೆ ಹಗುರದ ಬುಟ್ಟಿ ಭಾರದ ಬುಟ್ಟಿಗೆ ಸುತ್ತು ಬರ್ತಾ ಇರ್ತದಾ, ಅಲ್ಲ ಅದೂ ಮಾರ್ಕೆಟಿಗೇ ಹೋಗ್ತದಾ?"

"ಅದೂ ಮಾರ್ಕೆಟಿಗೇ ಹೋಗ್ತದೆ ಮಗಾ."

"ಚಂದ್ರನೂ ಹಾಗೆಯೇ, ಭೂಮಿಯ ಜತೆಗೆ ಸೂರ್ಯನ ಸುತ್ತ ಹೋಗ್ತಾನೆ. ಅವನ ಆ ದಾರಿಯನ್ನು ಬರೆದು ನೋಡಿ. ಎಲ್ಲಿಯೂ ಉಂಗುರ ಸುತ್ತುವುದಿಲ್ಲ, ಉದ್ದಕ್ಕೂ ಸೂರ್ಯನ ಕಡೆಗೇ ಬಾಗಿರ್ತದೆ. ಒಂದೇ ದಾರಿಯಲ್ಲಿ ಜತೆಗೆ ಹೋಗುವವರು ಜೋಡಿ ಅಲ್ಲದೆ ಮತ್ತೆಂತ?"

ಚಪ್ಪಾಳೆ ಬಿತ್ತು. ಮಾಸ್ತರರು ತುಂಬ ಹೊತ್ತು ತಲೆ ಕೆರೆದುಕೊಂಡರು. ಕೊನೆಗೆ, ಬಿಂದು ಭೂಮಿಯೊಳಗೆ ಇರುವ ತನಕ ಚಂದ್ರ ಉಪಗ್ರಹವೇ ಎಂದು ಬಹುಮಾನವನ್ನು ಶಶಿಪ್ರಭಾಳಿಗೆ ಕೊಟ್ಟರು.

ಗೇಟಿನ ಹೊರಗೆ ನೋಣಯ್ಯ ಲೋಕಯ್ಯನನ್ನು ತಡೆದ. "ಬಾವ, ಸೋತದ್ದು ಅವಳಲ್ಲ. ನನ್ನ ಬಾಯಿ ಸುಮ್ಮನಿದ್ದಿದ್ದರೆ ಅವಳು ಗೆಲ್ತಿದ್ದಳು."

"ನೀನು ಹೇಳಿದ್ದು ಸುಳ್ಳಾ?"

"ಕಾವಡಿ ವಿಷಯದಲ್ಲಿ ನಾನು ಸುಳ್ಳು ಹೇಳುವುದುಂಟಾ?"

ಲೋಕಯ್ಯ ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಅಷ್ಟು ಜನರೆದುರು ಹುಟ್ಟಿಸಿದ ಅಪ್ಪನೇ ಕಾಲೆಳೆದರೂ ಬಾಯಿ ಮುಚ್ಚದವಳು ಇವಳು. ಮನೆಯಲ್ಲಿ ಕೂರಿಸಿದರೆ ನಾಳೆಯಿಂದ ದಿನಾ ನನ್ನ ಜತೆ ಚರ್ಚೆಗೆ ನಿಲ್ತಾಳೆ. ನನ್ನಿಂದಾಗದು ಮಾರಾಯ, ಶಾಲೆಗೇ ಹೋಗಲಿ."